ದಿನಕ್ಕೆ ಬೇಕಾದ್ದರ ಮೂರು ಪಟ್ಟು ತಾಮ್ರ ತಿಂತಿದ್ದೀನಂತೆ. ಅದೆಲ್ಲ ಮೈಯಲ್ಲಿ ಎಲ್ಲಿಗೆ ಹೋಗುತ್ತೆ?

#1 ಗೋಡಂಬಿಪ್ರಿಯ
ಎಲ್ಲರಿಗೂ ನಮಸ್ಕಾರ. ವಯಸ್ಸು 41, ಬಿಪಿ ಇಲ್ಲ, ಶುಗರ್ ಇಲ್ಲ, ದೇವರ ದಯೆಯಿಂದ ಆರೋಗ್ಯ ಚೆನ್ನಾಗಿದೆ. ತೂಕ ಇಳಿಸೋಣ ಅಂತ ಒಂದು ತಿಂಗಳಿಂದ ತಿಂದಿದ್ದನ್ನೆಲ್ಲ ಒಂದು ಆ್ಯಪ್‌ಗೆ ಹಾಕ್ತಾ ಬಂದೆ. ನಿನ್ನೆ ತಿಂಗಳ ಲೆಕ್ಕ ತೆಗೆದರೆ ಕ್ಯಾಲ್ಸಿಯಂ ಹಸಿರು, ಕಬ್ಬಿಣ ಹಸಿರು, ತಾಮ್ರ ಮಾತ್ರ ಕಡುಗೆಂಪು. ದಿನಕ್ಕೆ ಸರಾಸರಿ 2.9 ಮಿಗ್ರಾಂ, ಶೇ. 322. ಪಟ್ಟಿ ಪರದೆಯ ಅಂಚು ದಾಟಿ ಹೋಗಿದೆ.

ನಾನು ಗೋಡಂಬಿ, ಎಳ್ಳು, ಕೋಕೋ ಪುಡಿ ಜಾಸ್ತಿ ತಿಂತೀನಿ, ಒಪ್ಪಿಕೊಳ್ತೀನಿ. ಗಾಬರಿ ಆಗಿ ಸೀರಂ ಕಾಪರ್ ಟೆಸ್ಟೂ ಮಾಡಿಸಿದೆ. 104 ಬಂತು, ನಾರ್ಮಲ್ ಅಂದರು. ಮೂರು ಪಟ್ಟು ತಿಂದರೂ ರಕ್ತದಲ್ಲಿ ನಾರ್ಮಲ್ ಅಂದ್ರೆ ಉಳಿದದ್ದು ಎಲ್ಲಿ ಕೂತಿದೆ? ಲಿವರಲ್ಲಾ, ಮೆದುಳಲ್ಲಾ? ಗೊತ್ತಿರೋರು ಹೇಳಿ.

#2 ತರ್ಲೆತಮ್ಮ
ಮಳೆಗಾಲದಲ್ಲಿ ಹೊರಗೆ ನಿಂತು ನೋಡಿ ಗುರು. ಹಸಿರು ಬಣ್ಣಕ್ಕೆ ತಿರುಗಿದ್ರೆ ಮೈಯಲ್ಲೇ ಇದೆ ಅಂತ ಅರ್ಥ.

#3 ಲ್ಯಾಬ್ ಸುಬ್ಬ
ಮೊದಲು ಆ ಶೇ. 322 ಬಿಡಿಸಿ ನೋಡೋಣ. ಆ್ಯಪ್ ಹಿಡಿದಿರೋದು 0.9 ಮಿಗ್ರಾಂ ಅನ್ನೋ ಅಮೆರಿಕದ 2001ರ ಅಂಕಿ. ಅದು 'ಕನಿಷ್ಠ ಇಷ್ಟು ಸಿಕ್ಕರೆ ಹೆಚ್ಚೂಕಮ್ಮಿ ಎಲ್ಲರಿಗೂ ಸಾಕು' ಅನ್ನೋ ಗೆರೆ, 'ಇದನ್ನ ದಾಟಬೇಡಿ' ಅನ್ನೋ ಗೆರೆ ಅಲ್ಲ. ದಾಟಬಾರದ ಗೆರೆ ಅದೇ ಪಟ್ಟಿಯಲ್ಲಿ 10 ಮಿಗ್ರಾಂ ಅಂತ ಬೇರೆ ಇದೆ. ನೀವು ಅದರ ಮೂರನೇ ಒಂದು ಭಾಗದಷ್ಟೂ ಇಲ್ಲ. ಆ್ಯಪ್ ಮಾಡಿದೋರು ಎರಡು ಗೆರೆಗೂ ಒಂದೇ ಕೆಂಪು ಬಳಿದಿದ್ದಾರೆ, ಅಷ್ಟೆ.

#4 ಎಚ್ಚರಿಕೆಗಂಟೆ
ಸುಬ್ಬ ಅವರೇ, ಹಗುರವಾಗಿ ತಗೋಬೇಡಿ. ತಾಮ್ರ ಲೋಹ. ಸೀಸ, ಪಾದರಸ ಹೇಗೋ ಇದೂ ಹಾಗೇ. ಒಳಗೆ ಹೋದದ್ದು ಹೊರಗೆ ಬರಲ್ಲ, ಮೆಲ್ಲಗೆ ಕೂಡ್ತಾ ಹೋಗುತ್ತೆ. ಹತ್ತು ವರ್ಷ ಆದಮೇಲೆ ಗೊತ್ತಾಗೋದು.

#5 ಲ್ಯಾಬ್ ಸುಬ್ಬ
@ಎಚ್ಚರಿಕೆಗಂಟೆ ಕಬ್ಬಿಣವೂ ಲೋಹ, ಸೋಡಿಯಂ ಕೂಡ ಲೋಹ. ಉಪ್ಪು ಬಿಟ್ಟಿದ್ದೀರಾ?

#6 ಅಂಕಿಅಂಶ
ಕೂಡುತ್ತೋ ಇಲ್ವೋ ಅಂತ ಊಹೆ ಮಾಡೋದು ಬೇಡ, ಅಳೆದು ನೋಡಿದೋರು ಇದ್ದಾರೆ. ಅಮೆರಿಕದಲ್ಲಿ ಜುಡಿತ್ ಟರ್ನ್‌ಲಂಡ್ ಅನ್ನೋ ವಿಜ್ಞಾನಿ 1989ರಲ್ಲಿ ಪ್ರಕಟಿಸಿದ ಪ್ರಯೋಗ ಇದೆ. 11 ಜನ ಆರೋಗ್ಯವಂತ ಯುವಕರನ್ನ 90 ದಿನ ಒಂದು ವಾರ್ಡಲ್ಲಿ ಇಟ್ಟು, ತಿನ್ನೋ ಪ್ರತಿ ತುತ್ತೂ ತೂಗಿ ಕೊಟ್ಟರು. ಹೊರಗೆ ಬಂದದ್ದನ್ನೂ ಬಿಡದೆ ಸಂಗ್ರಹಿಸಿದರು (ಹೌದು, ಅದನ್ನೂ). ತಾಮ್ರದಲ್ಲಿ 63, 65 ಅಂತ ಎರಡು ಸ್ಥಿರ ಐಸೊಟೋಪ್ ಇವೆ, ವಿಕಿರಣ ಪಿಕಿರಣ ಏನೂ ಇಲ್ಲ. 65 ಕಮ್ಮಿ ಸಿಗೋದು. ಅದನ್ನ ಗುರುತಿಗೆ ಸೇರಿಸಿ ಕೊಟ್ಟರೆ ಎಷ್ಟು ಒಳಗೆ ಉಳೀತು, ಎಷ್ಟು ಹಾಗೇ ಆಚೆ ಹೋಯ್ತು ಅಂತ ಲೆಕ್ಕ ಸಿಗುತ್ತೆ.

ದಿನಕ್ಕೆ 0.785 ಮಿಗ್ರಾಂ ಕೊಟ್ಟಾಗ ಹೀರಿಕೊಂಡದ್ದು ಸುಮಾರು ಶೇ. 56. 1.68 ಮಿಗ್ರಾಂ ಕೊಟ್ಟಾಗ ಶೇ. 36. 7.53 ಮಿಗ್ರಾಂ ಕೊಟ್ಟಾಗ ಬರೀ ಶೇ. 12.

ಈಗ ಗುಣಿಸಿ. ಮೊದಲನೆಯದಕ್ಕೆ 0.44 ಮಿಗ್ರಾಂ ಒಳಗೆ, ಎರಡನೆಯದಕ್ಕೆ 0.61, ಮೂರನೆಯದಕ್ಕೆ 0.93. ತಟ್ಟೆಯಲ್ಲಿ ತಾಮ್ರ ಹತ್ತಿರ ಹತ್ತಿರ ಹತ್ತು ಪಟ್ಟು ಏರಿತು, ರಕ್ತಕ್ಕೆ ದಾಟಿದ್ದು ಎರಡು ಪಟ್ಟು ಚಿಲ್ಲರೆ. ಗೋಡಂಬಿಪ್ರಿಯ ಅವರೇ, ನಿಮ್ಮ 'ಉಳಿದದ್ದು' ಬಹುಪಾಲು ಮರುದಿನವೋ ಆಚೆ ದಿನವೋ ಬೆಳಿಗ್ಗೆ ಹೊರಟುಹೋಗಿದೆ.

#7 ತರ್ಲೆತಮ್ಮ
90 ದಿನ ವಾರ್ಡಲ್ಲಿ ಕೂತು ತೂಗಿ ತಿಂದು ತೂಗಿ ಕೊಡೋದು. ಆ ಹನ್ನೊಂದು ಜನಕ್ಕೆ ಒಂದು ಪದಕ ಕೊಡಿ. ತಾಮ್ರದ್ದೇ ಇರಲಿ.

#8 ಖಡಕ್‌ಮಾತು
ಅಂಕಿಅಂಶ ಅವ್ರ, ಲೆಕ್ಕ ಛಲೋ ಐತಿ. ಆದ್ರ ಹನ್ನೊಂದು ಮಂದಿ, ಅದೂ ಎಲ್ಲಾ ಹುಡುಗರು. ಹೆಣ್ಮಕ್ಕಳ ಕಥಿ ಏನು? ಅರವತ್ತು ದಾಟಿದವರದ್ದೇನು? ಹನ್ನೊಂದು ಹುಡುಗರ ಹೊಟ್ಟಿ ನೋಡಿ ಊರ ಮಂದಿ ಹೊಟ್ಟಿ ಬಗ್ಗೆ ತೀರ್ಪು ಕೊಡಬಾರದ್ರಿ.

#9 ಅಂಕಿಅಂಶ
@ಖಡಕ್‌ಮಾತು ಒಪ್ಪಿದೆ. 60 ವರ್ಷದೊಳಗಿನ ಹೆಂಗಸರು ಗಂಡಸರಿಗಿಂತ ತುಸು ಹೆಚ್ಚು ಹೀರಿಕೊಳ್ತಾರೆ, ವಯಸ್ಸಾದಮೇಲೆ ಆ ವ್ಯತ್ಯಾಸ ಉಳಿಯಲ್ಲ ಅಂತ 1992ರ ಇನ್ನೊಂದು ಅಧ್ಯಯನದಲ್ಲಿದೆ. ಕಮ್ಮಿ ತಿಂದರೆ ಹೆಚ್ಚು ಹೀರೋದು, ಹೆಚ್ಚು ತಿಂದರೆ ಕಮ್ಮಿ ಹೀರೋದು ಅನ್ನೋ ದಿಕ್ಕು ಮಾತ್ರ ಎಲ್ಲ ಕಡೆಯೂ ಒಂದೇ. ಇಂಥ ಪ್ರಯೋಗಕ್ಕೆ ಜನ ಸಿಗೋದೇ ಕಷ್ಟ. ಮೂರು ತಿಂಗಳು ಮನೆ ಬಿಟ್ಟು ಬರೋರು ಯಾರು?

#10 ಜೀವಕೋಶ
ಕಾಲೇಜಲ್ಲಿ ಜೀವರಸಾಯನಶಾಸ್ತ್ರ ಹೇಳಿಕೊಡ್ತೀನಿ, ಹಾಗಾಗಿ ಸುಮ್ಮನಿರೋಕೆ ಆಗಲಿಲ್ಲ. 'ಹೀರಿಕೊಳ್ಳಲಿಲ್ಲ' ಅಂದ್ರೆ ಒಳಗೆ ಏನಾಯ್ತು ಅಂತ ಹೇಳ್ತೀನಿ.

ಕೆರೆ ನೆನಪು ಮಾಡಿಕೊಳ್ಳಿ. ನೀರು ಬಿಡೋ ತೂಬು ಒಂದು ಕಡೆ, ಹೆಚ್ಚಾದದ್ದು ಹರಿಯೋ ಕೋಡಿ ಇನ್ನೊಂದು ಕಡೆ. ತಾಮ್ರಕ್ಕೆ ತೂಬು ಇರೋದು ಸಣ್ಣ ಕರುಳಿನ ಒಳಗೋಡೆಯ ಕೋಶಗಳಲ್ಲಿ. ಸಿಟಿಆರ್-1 ಅನ್ನೋ ಪ್ರೋಟೀನ್ ತಾಮ್ರವನ್ನ ಕೋಶದೊಳಕ್ಕೆ ಬಿಟ್ಟುಕೊಳ್ಳುತ್ತೆ. ತಾಮ್ರ ಜಾಸ್ತಿ ಬಂದರೆ ಅದು ಕೋಶದ ಮೈಮೇಲಿಂದ ಒಳಕ್ಕೆ ಸರಿದುಬಿಡುತ್ತೆ, ಬಾಗಿಲು ಕಮ್ಮಿಯಾಗುತ್ತೆ. ಒಳಗೆ ಬಂದದ್ದೂ ಎಲ್ಲಾ ರಕ್ತಕ್ಕೆ ಹೋಗಲ್ಲ. ಮೆಟಲೋಥಯೊನಿನ್ ಅನ್ನೋ ಪುಟ್ಟ ಪ್ರೋಟೀನ್ ಒಂದಷ್ಟನ್ನ ಹಿಡಿದಿಟ್ಟುಕೊಳ್ಳುತ್ತೆ. ಆ ಕೋಶದ ಆಯಸ್ಸು ಮೂರರಿಂದ ಐದು ದಿನ. ಅದು ಉದುರಿದಾಗ ಹಿಡಿದಿಟ್ಟ ತಾಮ್ರವೂ ಅದರ ಜೊತೆಗೇ ಹೋಯ್ತು. ಉಳಿದದ್ದನ್ನ ಎಟಿಪಿ7ಎ ಅನ್ನೋ ಪಂಪು ರಕ್ತಕ್ಕೆ ದಾಟಿಸುತ್ತೆ, ಅಲ್ಲಿಂದ ನೇರ ಲಿವರ್‌ಗೆ.

ಕೋಡಿ ಇರೋದು ಲಿವರ್‌ನಲ್ಲಿ. ಅಲ್ಲಿನ ಪಂಪು ಎಟಿಪಿ7ಬಿ. ಸಾಮಾನ್ಯ ದಿನಗಳಲ್ಲಿ ಅದು ತಾಮ್ರವನ್ನ ಸೆರುಲೊಪ್ಲಾಸ್ಮಿನ್ ಅನ್ನೋ ಪ್ರೋಟೀನಿಗೆ ಜೋಡಿಸಿ ರಕ್ತಕ್ಕೆ ಕಳಿಸುತ್ತೆ. ತಾಮ್ರ ಏರಿದರೆ ಅದೇ ಪಂಪು ಕೋಶದ ಇನ್ನೊಂದು ಅಂಚಿಗೆ ಹೋಗಿ ಪಿತ್ತರಸಕ್ಕೆ ಸುರಿಯುತ್ತೆ. ಪಿತ್ತರಸದಲ್ಲಿ ಬಂದ ತಾಮ್ರ ಕರುಳಲ್ಲಿ ಸುಲಭಕ್ಕೆ ಮತ್ತೆ ಹೀರಲ್ಪಡಲ್ಲ, ಮಲದಲ್ಲಿ ಹೋಗುತ್ತೆ. ಮೂತ್ರದಲ್ಲಿ ಹೋಗೋದು ದಿನಕ್ಕೆ 50 ಮೈಕ್ರೋಗ್ರಾಂನೊಳಗೆ, ಲೆಕ್ಕಕ್ಕೇ ಇಲ್ಲ.

ಇಷ್ಟೆಲ್ಲ ಇರೋದರಿಂದ ದೊಡ್ಡವರ ಮೈಯಲ್ಲಿರೋ ಒಟ್ಟು ತಾಮ್ರ 100 ಮಿಗ್ರಾಂ ಆಸುಪಾಸಲ್ಲೇ ನಿಲ್ಲುತ್ತೆ. ಉಪ್ಪಿನ ಒಂದು ಚಿಟಿಕೆಗಿಂತ ಕಮ್ಮಿ ತೂಕ.

#11 ಖಡಕ್‌ಮಾತು
ಮೇಡಂ, ತಪ್ಪು ತಿಳೀಬ್ಯಾಡ್ರಿ. ಕೋಡಿ ಬೀಳೋದು ಕೆರಿ ತುಂಬಿದ ಮ್ಯಾಲೆ. ಪಿತ್ತರಸ ದಿನಾ ಹರಿತೈತಿ, ಹೊಟ್ಟಿ ಖಾಲಿ ಇದ್ರೂ. ಹೋಲಿಕಿ ಸೋರತೈತಿ.

#12 ಜೀವಕೋಶ
@ಖಡಕ್‌ಮಾತು ಹೌದು, ಸೋರೋ ಕೆರೆ ಅಂತಿಟ್ಟುಕೊಳ್ಳಿ. :) ತಾಮ್ರ ಕಮ್ಮಿ ತಿಂದಾಗಲೂ ಸ್ವಲ್ಪ ಹೋಗ್ತಾನೇ ಇರುತ್ತೆ, ಪ್ರಮಾಣ ಮಾತ್ರ ಇಳಿಯುತ್ತೆ. ಅದಕ್ಕೇ ಕೊರತೆ ಅನ್ನೋದು ಇರೋದು. ಅದೇ ಟರ್ನ್‌ಲಂಡ್ ತಂಡ ಆಮೇಲೆ ದಿನಕ್ಕೆ 0.38 ಮಿಗ್ರಾಂ ಮಾತ್ರ ಕೊಟ್ಟು 42 ದಿನ ನೋಡಿದಾಗ ರಕ್ತದ ತಾಮ್ರವೂ ಸೆರುಲೊಪ್ಲಾಸ್ಮಿನ್ನೂ ಇಳಿದವು. 0.785ರಲ್ಲಿ ಇಳಿದಿರಲಿಲ್ಲ. ಹಾಗಾಗಿ ಹೊಂದಾಣಿಕೆಯ ಕೆಳ ಅಂಚು ಈ ಎರಡರ ನಡುವೆ ಎಲ್ಲೋ ಇದೆ.

#13 ಗೋಡಂಬಿಪ್ರಿಯ
ಜೀವಕೋಶ ಮೇಡಂ, ತುಂಬಾ ಥ್ಯಾಂಕ್ಸ್. ನಾನು ಟೆಸ್ಟಿಗೆ ಕೊಟ್ಟ ದುಡ್ಡು ಹಾಗಾದ್ರೆ ದಂಡವಾ? 104 ಅನ್ನೋದು ಏನೂ ಹೇಳಲ್ವಾ?

#14 ಲ್ಯಾಬ್ ಸುಬ್ಬ
ಬೇಜಾರು ಮಾಡ್ಕೋಬೇಡಿ, ಹೆಚ್ಚು ತಿಂತಿದ್ದೀರೋ ಇಲ್ವೋ ಅಂತ ತಿಳಿಯೋಕೆ ದಂಡವೇ. ಆರೋಗ್ಯವಂತರಲ್ಲಿ ಸೀರಂ ತಾಮ್ರ ಹೆಚ್ಚುಕಮ್ಮಿ 70ರಿಂದ 140ರ ನಡುವೆ ಇರುತ್ತೆ, ನೀವು 1 ಮಿಗ್ರಾಂ ತಿನ್ನಿ, 4 ತಿನ್ನಿ. ಅದರಲ್ಲಿ ದೊಡ್ಡ ಪಾಲು ಸೆರುಲೊಪ್ಲಾಸ್ಮಿನ್‌ಗೆ ಅಂಟಿಕೊಂಡಿರೋದು. ಆ ಪ್ರೋಟೀನು ಎಷ್ಟಿದೆಯೋ ರಿಪೋರ್ಟು ಅಷ್ಟು ತೋರಿಸುತ್ತೆ. ಊಟಕ್ಕಿಂತ ಜ್ವರ ಅದನ್ನ ಜಾಸ್ತಿ ಏರಿಸುತ್ತೆ. ಸೋಂಕು, ಉರಿಯೂತ, ಬಸಿರು, ಈಸ್ಟ್ರೋಜನ್ ಮಾತ್ರೆ, ಇವೆಲ್ಲದರಲ್ಲೂ ಏರುತ್ತೆ.

ಒಂದು ಸಲ ನಮ್ಮಲ್ಲಿ ಒಬ್ಬ ಹೊಸ ಹುಡುಗ ಪ್ಲಾಸ್ಮಾ ಚೀಲ ಎತ್ತಿಕೊಂಡು ಓಡಿ ಬಂದ. 'ಸಾರ್, ಇದು ಕೆಟ್ಟಿದೆ, ಪಾಚಿ ಕಟ್ಟಿದೆ' ಅಂದ. ನೋಡಿದರೆ ಒಣಹುಲ್ಲಿನ ಬಣ್ಣ ಇರಬೇಕಾದ್ದು ತಿಳಿ ಹಸಿರು. ಕೊಟ್ಟಾಕೆ ಗರ್ಭನಿರೋಧಕ ಮಾತ್ರೆ ತಗೋತಿದ್ದರು. ಸೆರುಲೊಪ್ಲಾಸ್ಮಿನ್ ನೀಲಿ ಬಣ್ಣದ್ದು. ಹಳದಿ ಪ್ಲಾಸ್ಮಾದಲ್ಲಿ ನೀಲಿ ಜಾಸ್ತಿಯಾದರೆ ಹಸಿರು ಕಾಣುತ್ತೆ. ಕೆಟ್ಟಿರಲಿಲ್ಲ, ಏನೂ ಆಗಿರಲಿಲ್ಲ.

#15 ತರ್ಲೆತಮ್ಮ
ನಾನು #2ರಲ್ಲಿ ಹಸಿರು ಅಂದಾಗ ನಕ್ಕೋರು ಈಗ ಎಲ್ಲಿದ್ದೀರಿ?

#16 ಮಾರಾಯ್ತಿ
ಹೌದು ಮಾರಾಯ್ರೆ, ಅಷ್ಟಪದಿಗೆ ರಕ್ತವೇ ನೀಲಿ ಅಲ್ವಾ? ಅದೂ ತಾಮ್ರದಿಂದಲೇ ಅಂತ ಎಲ್ಲೋ ಓದಿದ ನೆನಪು.

#17 ಜೀವಕೋಶ
@ಮಾರಾಯ್ತಿ ಹೌದು, ಅದು ಹೀಮೋಸಯನಿನ್. ನಮ್ಮಲ್ಲಿ ಕಬ್ಬಿಣ ಆಮ್ಲಜನಕ ಹೊರುತ್ತೆ, ಅವಕ್ಕೆ ತಾಮ್ರ ಹೊರುತ್ತೆ. ನಮ್ಮಲ್ಲೂ ತಾಮ್ರ ಇಲ್ಲದೆ ಕಬ್ಬಿಣದ ಆಟ ನಡೆಯಲ್ಲ. 1928ರಲ್ಲೇ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಹಾರ್ಟ್, ಸ್ಟೀನ್‌ಬಾಕ್ ಮತ್ತಿತರರು ಬರೀ ಹಾಲು ಕುಡಿದು ರಕ್ತಹೀನವಾದ ಇಲಿಗಳಿಗೆ ಕಬ್ಬಿಣ ಕೊಟ್ಟು ನೋಡಿದರು. ಪ್ರಯೋಜನ ಆಗಲಿಲ್ಲ. ಚೂರು ತಾಮ್ರ ಸೇರಿಸಿದ ಮೇಲೆ ಹಿಮೋಗ್ಲೋಬಿನ್ ಏರಿತು. ಹಾಲಲ್ಲಿ ತಾಮ್ರ ತೀರಾ ಕಮ್ಮಿ.

#18 ಜೋಮುಗಾಲು
ಆ ಇಲಿ ನಾನೇ. ತಮಾಷೆ ಅಲ್ಲ.

ಮೂರು ವರ್ಷದ ಹಿಂದೆ, ಶೀತ ಬರಬಾರದು ಅಂತ ದಿನಾ ಜಿಂಕ್ 50 ಮಿಗ್ರಾಂ ಮಾತ್ರೆ ಶುರು ಮಾಡಿದೆ. ಯಾರೂ ಬರೆದುಕೊಟ್ಟದ್ದಲ್ಲ, ನನ್ನ ಬುದ್ಧಿವಂತಿಕೆ. ನಾಲ್ಕು ತಿಂಗಳಿಗೆ ಏನೂ ಅನ್ನಿಸಲಿಲ್ಲ ಅಂತ ಡಬಲ್ ಮಾಡಿದೆ. ಒಂದು ವರ್ಷ ದಾಟಿದ ಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು. ಹಿಮೋಗ್ಲೋಬಿನ್ 8. ಒಂದು ಕ್ಲಿನಿಕ್‌ನಲ್ಲಿ ಕಬ್ಬಿಣದ ಮಾತ್ರೆ ಕೊಟ್ಟರು. ಮೂರು ತಿಂಗಳು ನುಂಗಿದೆ, ಏರಲಿಲ್ಲ. ಡೋಸ್ ಹೆಚ್ಚಿಸಿದರು. ಬಿಳಿ ರಕ್ತಕಣವೂ ಇಳಿದಾಗ ಅಲ್ಲಿ ಬೋನ್ ಮ್ಯಾರೋ ಮಾತು ತೆಗೆದರು, ಮನೆಯಲ್ಲಿ ಅಳು ಶುರುವಾಯ್ತು. ಅಷ್ಟರಲ್ಲಿ ಅಂಗಾಲು ಜೋಮು. ಚಪ್ಪಲಿ ಕಳಚಿ ಬಿದ್ದದ್ದು ಗೊತ್ತಾಗದೆ ನಾಲ್ಕು ಹೆಜ್ಜೆ ಬರಿಗಾಲಲ್ಲಿ ನಡೆದಿದ್ದೆ. ಹಿಂದೆ ಬರ್ತಿದ್ದ ಮಗಳು 'ಅಪ್ಪಾ, ಚಪ್ಪಲಿ' ಅಂತ ಕೂಗಿದಳು.

ಆಮೇಲೆ ಹೋದ ರಕ್ತದ ಡಾಕ್ಟರು ರಿಪೋರ್ಟು ಬದಿಗಿಟ್ಟು ಮೊದಲು ಕೇಳಿದ್ದು, 'ಅಂಗಡಿಯಿಂದ ನೀವೇ ತಂದು ನುಂಗೋ ಮಾತ್ರೆ ಏನಾದ್ರೂ ಇದೆಯಾ?' ಸೀರಂ ತಾಮ್ರ ನೋಡಿದರೆ 14. ಜಿಂಕ್ ನಿಲ್ಲಿಸಿ ತಾಮ್ರ ಕೊಟ್ಟರು. ರಕ್ತ ಎರಡು ತಿಂಗಳಲ್ಲಿ ಸರಿಹೋಯ್ತು. ಕಾಲು ಪೂರ್ತಿ ಸರಿಯಾಗಿಲ್ಲ, ಹೆಸರು ನೋಡಿದರೆ ಗೊತ್ತಾಗುತ್ತಲ್ಲ.

#19 ಜೀವಕೋಶ
@ಜೋಮುಗಾಲು ಓದಿ ಸಂಕಟ ಆಯ್ತು. #10ರಲ್ಲಿ ಹೇಳಿದ ಮೆಟಲೋಥಯೊನಿನ್ ಮಾಡಿದ ಕೆಲಸ ಇದು. ಜಿಂಕ್ ಹೆಚ್ಚಾದರೆ ಕರುಳಿನ ಕೋಶ ಆ ಪ್ರೋಟೀನನ್ನ ರಾಶಿ ರಾಶಿ ತಯಾರಿಸುತ್ತೆ. ಆದರೆ ಅದು ಜಿಂಕ್‌ಗಿಂತ ತಾಮ್ರವನ್ನ ಬಿಗಿಯಾಗಿ ಹಿಡಿಯುತ್ತೆ. ಕೋಶ ಉದುರಿದಾಗಲೆಲ್ಲ ತಾಮ್ರ ಹೋಗ್ತಾ ಇರುತ್ತೆ. ಜಿಂಕ್‌ಗೆ ಅಮೆರಿಕದ ಪಟ್ಟಿಯಲ್ಲಿ 40 ಮಿಗ್ರಾಂ ಮೇಲ್ಮಿತಿ ಇಟ್ಟಿರೋದೇ ತಾಮ್ರದ ಮೇಲಾಗೋ ಪರಿಣಾಮ ನೋಡಿ.

#20 ಖಡಕ್‌ಮಾತು
ಅಂದ್ರ ಸುಬ್ಬ ಅವ್ರ, ಸೀರಂ ಟೆಸ್ಟ್ ದಂಡ ಅಂದ್ರಿ. ಇಲ್ಲಿ ಅದೇ ಟೆಸ್ಟ್ ಈ ಮನುಷ್ಯಾನ್ನ ಉಳಿಸೇತಿ.

#21 ಲ್ಯಾಬ್ ಸುಬ್ಬ
@ಖಡಕ್‌ಮಾತು ಸರಿ, ನನ್ನ ಮಾತು ತಿದ್ದಿಕೊಳ್ತೀನಿ. ಕೊರತೆ ತೀವ್ರವಾದಾಗ ಅದು ಸ್ಪಷ್ಟವಾಗಿ ಬಿದ್ದುಹೋಗುತ್ತೆ, ಆಗ ಬೆಲೆ ಇದೆ. ನಡುವಿನ ಅಗಲ ಹಾದಿಯಲ್ಲಿ ಊಟದ ಬಗ್ಗೆ ಏನೂ ಹೇಳಲ್ಲ. ಗೋಡಂಬಿಪ್ರಿಯ ಅವರು ಇರೋದು ಆ ಅಗಲ ಹಾದಿಯಲ್ಲಿ.

#22 ಎಚ್ಚರಿಕೆಗಂಟೆ
ಎಲ್ಲರೂ ಕೊರತೆ ಕೊರತೆ ಅಂತಿದ್ದೀರಿ. ವಿಲ್ಸನ್ ಕಾಯಿಲೆ ಬಗ್ಗೆ ಯಾಕೆ ಯಾರೂ ಬಾಯಿ ಬಿಡ್ತಿಲ್ಲ? ಅಲ್ಲಿ ತಾಮ್ರ ಲಿವರಲ್ಲಿ, ಮೆದುಳಲ್ಲಿ, ಕಣ್ಣಲ್ಲಿ ಕೂತಿರುತ್ತೆ. ಕೂಡಲ್ಲ ಅಂದ್ರಲ್ಲ, ಅದೇನು ಹಾಗಾದ್ರೆ?

#23 ಜೀವಕೋಶ
ಅದು ಕೋಡಿ ಮುಚ್ಚಿಹೋದ ಕೆರೆ. ವಿಲ್ಸನ್ 1912ರಲ್ಲಿ ವಿವರಿಸಿದ ಕಾಯಿಲೆಗೆ ಕಾರಣ ಎಟಿಪಿ7ಬಿ ವಂಶವಾಹಿ ಅಂತ 1993ರಲ್ಲಿ ಗೊತ್ತಾಯ್ತು. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದವರಿಗೆ ಬರೋದು, ಸುಮಾರು 30,000 ಜನರಲ್ಲಿ ಒಬ್ಬರಿಗೆ ಅಂತ ಅಂದಾಜು. ಅವರು ಸಾಮಾನ್ಯ ಊಟ ಮಾಡಿದರೂ ತಾಮ್ರ ಕೂಡುತ್ತೆ. ಗೋಡಂಬಿ ತಿಂದು ಆ ಕಾಯಿಲೆ ತಂದುಕೊಳ್ಳೋಕೆ ಆಗಲ್ಲ. ಇನ್ನೊಂದು ಗೊತ್ತಾ? ಅದಕ್ಕೆ ಕೊಡೋ ಔಷಧಿಗಳಲ್ಲಿ ಜಿಂಕ್ ಕೂಡ ಒಂದು. ಜೋಮುಗಾಲು ಅವರಿಗೆ ಪೆಟ್ಟು ಕೊಟ್ಟದ್ದೇ ಅಲ್ಲಿ ಮದ್ದು.

#24 ಅಂಕಿಅಂಶ
ಎಚ್ಚರಿಕೆಗಂಟೆ ಅವರನ್ನ ಪೂರ್ತಿ ತಳ್ಳಿಹಾಕಬೇಡಿ, ಅವರ ಕಡೆಗೂ ಒಂದು ಅಂಶ ಇದೆ. ನಾನೇ ಹೇಳಿದ ಟರ್ನ್‌ಲಂಡ್ 2005ರಲ್ಲಿ ಇನ್ನೊಂದು ಪ್ರಕಟಿಸಿದರು. 9 ಜನ ಗಂಡಸರು, ಮೊದಲು ದಿನಕ್ಕೆ 1.6, ಆಮೇಲೆ ಐದು ತಿಂಗಳ ಹತ್ತಿರ 7.8 ಮಿಗ್ರಾಂ. ಹೀರಿಕೊಳ್ಳೋ ಪಾಲು ಇಳೀತು, ಹೊರಹಾಕೋ ವೇಗ ಏರಿತು. ಅಷ್ಟಾದರೂ ಸ್ವಲ್ಪ ತಾಮ್ರ ಮೈಯಲ್ಲಿ ಉಳೀತು, ಲೆಕ್ಕ ಸೊನ್ನೆಗೆ ಬರಲಿಲ್ಲ. ಅದೇ ಜನಗಳಲ್ಲಿ ಫ್ಲೂ ಲಸಿಕೆಗೆ ಒಂದು ತಳಿಯ ವಿರುದ್ಧ ಪ್ರತಿಕಾಯ ಕಮ್ಮಿ ಬಂತು ಅಂತಲೂ ಬರೆದಿದ್ದಾರೆ. ಹಾಗಂತ ಕಾಯಿಲೆ ಬೀಳಲಿಲ್ಲ. ಹೊಂದಾಣಿಕೆ ಇದೆ, ಅದಕ್ಕೂ ಒಂದು ಮಿತಿ ಇದೆ ಅಂತ ನಾನು ಓದಿಕೊಂಡೆ.

10 ಮಿಗ್ರಾಂ ಮೇಲ್ಮಿತಿ ಬಂದದ್ದು ಎಲ್ಲಿಂದ ಅಂತ ಹುಡುಕಿದರೆ ಇನ್ನೂ ಮಜಾ. 1985ರ ಒಂದು ಪ್ರಯೋಗ, ಏಳು ಜನ, ದಿನಕ್ಕೆ 10 ಮಿಗ್ರಾಂ, 12 ವಾರ, ಲಿವರ್‌ಗೆ ಏನೂ ಆಗಲಿಲ್ಲ. ಮುಖ್ಯವಾಗಿ ಅದರ ಮೇಲೆ ನಿಂತಿದೆ. ಯುರೋಪಿನವರು 2003ರಲ್ಲೇ 5 ಮಿಗ್ರಾಂಗೆ ನಿಲ್ಲಿಸಿದರು, 2023ರಲ್ಲಿ ಕಿಲೋ ತೂಕಕ್ಕೆ 0.07 ಮಿಗ್ರಾಂ ಅಂದರು. 70 ಕಿಲೋ ಇರೋರಿಗೆ ಅದೂ 5ರ ಹತ್ತಿರವೇ.

#25 ಎಚ್ಚರಿಕೆಗಂಟೆ
ಕೊನೆಗೂ ಒಬ್ಬರು ಒಪ್ಪಿದರು.

#26 ಅಂಕಿಅಂಶ
ಅರ್ಧ ಒಪ್ಪಿದ್ದೀನಿ. ಸೀಸದ ಹೋಲಿಕೆ ಈಗಲೂ ತಪ್ಪು.

#27 ಮಾರಾಯ್ತಿ
ನನ್ನ ತಮ್ಮ ಕೂದಲು ನೆರೆಯಬಾರದು ಅಂತ ತಾಮ್ರದ ಮಾತ್ರೆ ತಿಂತಾ ಉಂಟು. ದಿನಕ್ಕೆ 8 ಮಿಗ್ರಾಂನದ್ದು. ಕೂದಲಿಗೆ ಬಣ್ಣ ಕೊಡುವ ಕಿಣ್ವಕ್ಕೆ ತಾಮ್ರ ಬೇಕಂತೆ. ನಿಜವಾ?

#28 ಜೀವಕೋಶ
@ಮಾರಾಯ್ತಿ ಕಿಣ್ವದ ಮಾತು ನಿಜ, ಟೈರೊಸಿನೇಸ್ ಅಂತ. ಆದರೆ ಕೊರತೆ ಇಲ್ಲದವರಿಗೆ ಹೆಚ್ಚು ತಾಮ್ರ ಸುರಿದರೆ ಆ ಕಿಣ್ವ ಹೆಚ್ಚು ಕೆಲಸ ಮಾಡಲ್ಲ, ಕರುಳು ಬಾಗಿಲು ಹಾಕಿಕೊಳ್ಳುತ್ತೆ. 8 ಮಿಗ್ರಾಂ ಜೊತೆ ಊಟದ್ದೂ ಸೇರುತ್ತೆ ಅಂತ ತಮ್ಮನಿಗೆ ಹೇಳಿ. ಮಾತ್ರೆ ವಿಷಯದಲ್ಲಿ ನಾನು ಎಚ್ಚರಿಕೆಗಂಟೆ ಅವರ ಪಕ್ಷ. ದಿನಕ್ಕೆ 30 ಮಿಗ್ರಾಂನಂತೆ ಎರಡು ವರ್ಷ, ಆಮೇಲೆ 60 ಮಿಗ್ರಾಂನಂತೆ ಒಂದು ವರ್ಷ ತಾನೇ ನುಂಗಿದ ಯುವಕನೊಬ್ಬನ ಲಿವರ್ ಕೈಕೊಟ್ಟು, ಕಸಿ ಮಾಡಬೇಕಾಗಿ ಬಂತು ಅಂತ 1993ರಲ್ಲಿ ವರದಿಯಾಗಿದೆ.

#29 ಲ್ಯಾಬ್ ಸುಬ್ಬ
ನೀರಿನ ತಾಮ್ರ ಬೇರೆ ಥರ ಅನ್ನೋದನ್ನೂ ಸೇರಿಸಿ. ಊಟದಲ್ಲಿ ಅದು ಪ್ರೋಟೀನು, ನಾರು ಇವುಗಳ ಜೊತೆ ಕಟ್ಟಿಕೊಂಡು ಬರುತ್ತೆ. ಖಾಲಿ ಹೊಟ್ಟೆಗೆ ನೀರಲ್ಲಿ ಕರಗಿದ ತಾಮ್ರ ಬಿದ್ದರೆ ಜಠರವೇ ಮೊದಲು ಗಲಾಟೆ ಮಾಡುತ್ತೆ, ಓಕರಿಕೆ ಬರುತ್ತೆ. ಲೀಟರಿಗೆ 4 ಮಿಗ್ರಾಂ ಆಸುಪಾಸಿಂದ ಕೆಲವರಿಗೆ ಶುರು. ವಿಶ್ವ ಆರೋಗ್ಯ ಸಂಸ್ಥೆ ಕುಡಿಯೋ ನೀರಿಗೆ ಲೀಟರಿಗೆ 2 ಮಿಗ್ರಾಂ ಅಂತ ಇಟ್ಟಿದೆ.

#30 ಖಡಕ್‌ಮಾತು
ಒಂದು ಕೊನೀ ತಕರಾರು, ಮೇಡಂ. ಸೆರುಲೊಪ್ಲಾಸ್ಮಿನ್ ಅಂದ್ರ ತಾಮ್ರ ಸಾಗಿಸೋ ಲಾರಿ ಅಂತ ಎಲ್ಲಾ ಕಡೆ ಬರದಿರ್ತಾರ. ಹುಟ್ಟಿದಾಗಿಂದ ಆ ಪ್ರೋಟೀನೇ ಇಲ್ಲದ ಮಂದಿ ಅದಾರಂತ. ಲಾರಿ ಇಲ್ದ ಅವರ ತಾಮ್ರ ಹೆಂಗ ಸಾಗತೈತಿ?

#31 ಜೀವಕೋಶ
ಒಳ್ಳೇ ತಕರಾರು. ಅವರಲ್ಲಿ ತಾಮ್ರದ ಕಾರಭಾರ ಹೆಚ್ಚುಕಮ್ಮಿ ಸರಿಯಾಗೇ ನಡೆಯುತ್ತೆ, ಕೆಡೋದು ಕಬ್ಬಿಣದ್ದು. ಕಬ್ಬಿಣ ಲಿವರಲ್ಲಿ, ಮೆದುಳಲ್ಲಿ ಕೂತುಬಿಡುತ್ತೆ. ಹಾಗಾಗಿ ಅದನ್ನ ಲಾರಿ ಅನ್ನೋದಕ್ಕಿಂತ ಕಬ್ಬಿಣವನ್ನ ಸಾಗಣೆಗೆ ಸಿದ್ಧ ಮಾಡೋ ಕೆಲಸಗಾರ ಅನ್ನಬೇಕು. ಕೈಯಲ್ಲಿ ಆರು ತಾಮ್ರದ ಪರಮಾಣು ಹಿಡಿದಿರೋ ಕೆಲಸಗಾರ. ಪಠ್ಯಪುಸ್ತಕ ಲಾರಿ ಅಂತಲೇ ಹೇಳುತ್ತೆ, ನಾನೂ ಹಾಗೇ ಪಾಠ ಮಾಡ್ತಿದ್ದೆ.

#32 ಗೋಡಂಬಿಪ್ರಿಯ
ಎಲ್ಲರಿಗೂ ಕೈಮುಗಿದೆ. ಜೋಮುಗಾಲು ಅವರ ಕಥೆ ಓದಿ ರಾತ್ರಿ ಎದ್ದು ನನ್ನ ಮಲ್ಟಿವಿಟಮಿನ್ ಡಬ್ಬಿ ನೋಡಿದೆ. ಜಿಂಕ್ 15, ತಾಮ್ರ 0.9. ಆಮೇಲೆ ಆ್ಯಪ್ ತೆಗೆದರೆ ಅದೇ ಮಾತ್ರೆ ಬೆಳಿಗ್ಗೆ ಒಂದು ಸಲ, 'ಪೂರಕ' ಅನ್ನೋ ಪಟ್ಟಿಯಲ್ಲಿ ತಾನಾಗೇ ಇನ್ನೊಂದು ಸಲ ಕೂತಿದೆ. ಒಂದು ತಿಂಗಳಿಂದ! ತೆಗೆದು ನೋಡಿದರೆ 2.9 ಅಲ್ಲ, 2.0.

#33 ಲ್ಯಾಬ್ ಸುಬ್ಬ
ಡಬ್ಬಿಯಲ್ಲಿ ಯಾವ ರೂಪದ ತಾಮ್ರ ಅಂತ ಬರೆದಿದೆ? ಆಕ್ಸೈಡ್ ಅಂತಿದ್ರೆ ಆ 0.9 ಕೂಡ ಹೆಚ್ಚು ಒಳಗೆ ಹೋಗಲ್ಲ, ಅದು ಹೀರಿಕೊಳ್ಳೋಕೆ ತೀರಾ ಕೆಟ್ಟ ರೂಪ.

#34 ಗೋಡಂಬಿಪ್ರಿಯ
ಕ್ಯೂಪ್ರಿಕ್ ಆಕ್ಸೈಡ್ ಅಂತಲೇ ಇದೆ ಸಾರ್.

#35 ತರ್ಲೆತಮ್ಮ
ಹಾಗಾದ್ರೆ ಆ್ಯಪಲ್ಲಿ ಪಟ್ಟಿ ಈಗ ಹಸಿರಾ?

#36 ಗೋಡಂಬಿಪ್ರಿಯ
ಇಲ್ಲ ಗುರು. ಶೇ. 222. ಈಗಲೂ ಕೆಂಪು.